ಸ್ಟಮಾಟಾಳ ಹೆಸರು ಕೆತ್ತಿದವನು ನಾನೇ

ನನ್ನ ಹೆಸರು ಲಿಕೂರ್ಗೊಸ್ ಮಿಹಲಾಕೊಸ್, ವಯಸ್ಸು 58, ಕಸುಬು ಅಮೃತಶಿಲೆ ಕೆತ್ತನೆ, ವಾಸ ಅನೊ ಪೆಟ್ರೀನಾ ಗ್ರಾಮ, ಮಾನಿ ಸೀಮೆ, ಗ್ರೀಸ್. ಊರಿನ ಅಧ್ಯಕ್ಷರಾದ ಪೋತಿಸ್ ಜನ್ನೇಯಾಸ್ ಅವರು ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ತುರ್ಕರ ವಿರುದ್ಧದ ಸ್ವಾತಂತ್ರ್ಯ ಸಮರದಲ್ಲಿ ಮಡಿದ ನಮ್ಮೂರಿನವರಿಗಾಗಿ ಊರ ಚೌಕದಲ್ಲಿ ನಿಲ್ಲಿಸಿದ ಸ್ಮಾರಕದ ಮೇಲೆ ಹನ್ನೆರಡು ಹೆಸರು ಕೆತ್ತುವಂತೆ ಅಧ್ಯಕ್ಷರು ಫೆಬ್ರವರಿ 10ರಂದು ನನಗೆ ಪಟ್ಟಿ ಕೊಟ್ಟರು. ನಮ್ಮ ಹೆಂಗಸರು ಸಾವಿನ ಮನೆಯಲ್ಲಿ ಹಾಡುವ ಹಾಡಿನ ಪ್ರಕಾರ ಮಡಿದವರು ಹದಿಮೂರು. ಹದಿಮೂರನೆಯವಳು ಸ್ಟಮಾಟಾ ಲಿಯಾಕು, ಗೋಧಿ ಕೊಯ್ಯುತ್ತಿದ್ದ ಕುಡುಗೋಲು ಹಿಡಿದೇ ಕಡಲ ದಂಡೆಗೆ ಓಡಿ, ಹೊಡೆದಾಡಿ ಸತ್ತವಳು, ನನ್ನ ತಾಯಿಯ ವಂಶದವಳು. ಇದನ್ನು ತಿಳಿಸಿದಾಗ ಅಧ್ಯಕ್ಷರು, "ಹೆಂಗಸರು ಅಳೋ ಹಾಡೆಲ್ಲ ದಾಖಲೆ ಆಗುತ್ತೇನಯ್ಯಾ? ಕೊಟ್ಟಷ್ಟು ಕೆತ್ತು, ಅಧಿಕಪ್ರಸಂಗ ಬೇಡ" ಎಂದರು. ನನಗೆ ಮೈಯೆಲ್ಲ ಉರಿಯಿತು.

ನನ್ನ ತಾಯಿ ಗರೂಫಲಿಯಾ, ವಯಸ್ಸು 86, ಜನವರಿಯಿಂದ ಹಾಸಿಗೆ ಹಿಡಿದವರು. ಅವರು, "ಆ ಹೆಸರನ್ನ ಒಂದು ಸಲ ಚೌಕದಲ್ಲಿ ಕೂಗಿದ್ದು ಕೇಳಿಸ್ಕೊಂಡು ಕಣ್ಣು ಮುಚ್ತೀನಿ ಕಣೋ" ಎಂದರು.

ಮಾರ್ಚ್ 24ರ ಬೆಳಿಗ್ಗೆ ಅಧ್ಯಕ್ಷರು ಬಂದು, ಹನ್ನೆರಡು ಹೆಸರು ನೋಡಿ ಒಪ್ಪಿಕೊಂಡು ಹೋದರು. 11 ಗಂಟೆಯಿಂದ ಸಂಜೆ 4ರವರೆಗೆ ನಾನು ಹದಿಮೂರನೆಯದನ್ನು ಕೆತ್ತಿ ಬಟ್ಟೆ ಮುಚ್ಚಿದೆ. ಬೇರೆ ಯಾರ ಕೈವಾಡವೂ ಇಲ್ಲ.

ಮಾರ್ಚ್ 25ರಂದು, ನಮ್ಮ ಸ್ವಾತಂತ್ರ್ಯದ ಹಬ್ಬದ ದಿನ, ಬೆಳಿಗ್ಗೆ 10.40ಕ್ಕೆ ಬಟ್ಟೆ ಸರಿಸಲಾಯಿತು. ನಮ್ಮೂರ ಪದ್ಧತಿಯಂತೆ ಮಡಿದವರ ಹೆಸರನ್ನು ಚೀಟಿಯಿಂದ ಓದುವಂತಿಲ್ಲ, ಕಲ್ಲಿನಿಂದಲೇ ಓದಬೇಕು, ಪ್ರತಿ ಹೆಸರಿಗೂ ಜನ "ಇದ್ದಾನೆ!" ಎಂದು ಕೂಗಬೇಕು. ಅಧ್ಯಕ್ಷರು ಕಲ್ಲಿನಿಂದ ಎರಡು ಮೀಟರ್ ದೂರ ನಿಂತು, ಮೈಕ್ ಹಿಡಿದು, ಭಾರೀ ಹುರುಪಿನಲ್ಲಿ ಓದುತ್ತಾ ಹೋದರು. ಹನ್ನೆರಡು ಮುಗಿದರೂ ನಿಲ್ಲಲಿಲ್ಲ. "ಸ್ಟಮಾಟಾ ಲಿಯಾಕು!" ಎಂದು ಚೌಕವೇ ಅದುರುವಂತೆ ಅವರ ಬಾಯಿಂದಲೇ ಬಂತು. ತಾಯಿಯನ್ನು ನಾನು ಕುರ್ಚಿ ಸಮೇತ ಹೊತ್ತು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಮೊದಲು ಎದ್ದದ್ದು ಅವರ ದನಿ: "ಇದ್ದಾಳೆ!" ಆಮೇಲೆ ಮುನ್ನೂರು ಜನರದ್ದು. ಪಾದ್ರಿಗಳು ಗಂಟೆ ಹೊಡೆಸಿದರು. ನನಗೆ ಅಳು ತಡೆಯಲಾಗಲಿಲ್ಲ.

"ಯಾವನೋ ಇದನ್ನ ಕೆತ್ತಿದ್ದು?" ಎಂದು ಅಧ್ಯಕ್ಷರು ಕೇಳಿದ್ದೂ ಮೈಕ್‌ನಲ್ಲೇ ಕೇಳಿಸಿತು. ಅವರ ಹೆಂಡತಿ, "ಓದಿದ್ದು ನೀವೇ ಅಲ್ವೇನ್ರೀ? ಸುಮ್ನೆ ಹಾರ ಹಾಕಿ" ಎಂದರು. ಹಾಕಿದರು.

ಹೆಸರು ಅಳಿಸಬೇಕೆಂದು ಅವರು ದೂರಿನಲ್ಲಿ ಕೋರಿದ್ದಾರೆಂದು ತಿಳಿಯಿತು. ಕಲ್ಲಿನಿಂದ ಓದಿ, ಊರೇ ಓಗೊಟ್ಟ ಹೆಸರನ್ನು ನಮ್ಮಲ್ಲಿ ಯಾರೂ ಅಳಿಸುವುದಿಲ್ಲ. ಪಶ್ಚಾತ್ತಾಪವಿದೆಯೇ ಎಂದು ತಾವು ಕೇಳಿದ್ದಕ್ಕೆ ಉತ್ತರ: ಎಳ್ಳಷ್ಟೂ ಇಲ್ಲ. ಏನು ಶಿಕ್ಷೆ ಕೊಟ್ಟರೂ ಅನುಭವಿಸುತ್ತೇನೆ. ಇಂದು ಬೆಳಿಗ್ಗೆ ನನ್ನ ತಾಯಿ ತಾವಾಗಿಯೇ ಎದ್ದು, ಹಬ್ಬದ ಉಪ್ಪುಮೀನು ಉಳಿದಿದ್ದನ್ನು ಕೇಳಿ ಹಾಕಿಸಿಕೊಂಡು ಉಂಡು, ಕಣ್ಣು ಮುಚ್ಚುವ ಮಾತೇ ಎತ್ತದೆ, ಸ್ಮಾರಕಕ್ಕೆ ಹೂವಿಡಲು ನಡೆದುಕೊಂಡು ಹೋದರು. ದೂರ 400 ಮೀಟರ್, ಅದೂ ಏರು ದಾರಿ.

ಮೇಲಿನದನ್ನು ನನಗೆ ಓದಿ ಹೇಳಲಾಗಿದೆ. ಎಲ್ಲವೂ ಸತ್ಯ, ಒಂದಕ್ಷರವನ್ನೂ ತೆಗೆಯಬೇಕಾಗಿಲ್ಲ.

ಸ್ಥಳ: ಅನೊ ಪೆಟ್ರೀನಾ
ದಿನಾಂಕ: 26-03-1996
ಸಹಿ: ಲಿಕೂರ್ಗೊಸ್ ಮಿಹಲಾಕೊಸ್