ಫೋನ್ ಮಾಡದೆ ಬಂದವಳಿಗೆ

…ಅಲ್ಲ ಕಣೆ, ಬರ್ಬೇಡ ಅಂತ ನಾನು ಅಂದ್ನಾ? ಬಾ. ಒಡಹುಟ್ಟಿದೋಳು ನೀನಲ್ದೆ ಇನ್ಯಾರು ಬರ್ತಾರೆ! ಆದ್ರೆ ಒಂದು ಫೋನ್ ಮಾಡಿ ಬರಕ್ಕೆ ನಿನಗೇನಾಗಿತ್ತು? ಹೀಗೆ ಏಕಾಏಕಿ ಬಂದು ಬಾಗಿಲು ಬಡಿದ್ರೆ… ಏ, ಆ ಪರದೆ ಸರಿಸ್ಬೇಡ! ಬೆಳಕು ಕಣ್ಣಿಗೆ ಚುಚ್ಚುತ್ತೆ. ಕುರ್ಚಿ ಮೇಲಿರೋ ಬಟ್ಟೆ ಆ ಕಡೆ ತಳ್ಳಿ ಕೂತ್ಕೋ. ಹೌದು, ಮಡಚಿಲ್ಲ. ಇವತ್ತು ಮಡಚೋಣ ಅಂತಿದ್ದೆ. ಮನೆ ತುಂಬಾ ಹಾಗೆ ಕಣ್ಣಾಡಿಸ್ಬೇಡ, ನೀನೇನು ಬಾಡಿಗೆಗೆ ಮನೆ ನೋಡಕ್ಕೆ ಬಂದಿದೀಯಾ?

ಟವೆಲ್ಲಾ? ಈಗಷ್ಟೇ ತಲೆಗೆ ಸ್ನಾನ ಮಾಡ್ದೆ, ಅದಕ್ಕೇ ಸುತ್ಕೊಂಡಿದೀನಿ. ಸೊಂಟದ ತನಕ ಕೂದಲು, ಒಣಗಕ್ಕೆ ಹೊತ್ತು ಬೇಡ್ವಾ? ಪಾರ್ಲರ್ ನಡೆಸೋಳಿಗೆ ಅದನ್ನೂ ನಾನೇ ಹೇಳ್ಬೇಕಾ!

ಹೂಂ, ಹೇಳು. ಸುತ್ತಿ ಬಳಸಿ ಮಾತಾಡ್ಬೇಡ. ಏನಾಯ್ತು ಪಾರ್ಲರಲ್ಲಿ? ಹೊಸಬಳು ಹೇಗೆ ಕೆಲಸ ಮಾಡ್ತಾಳೆ? … ಸರಿ, ಒಳ್ಳೇದಾಯ್ತು. … ಏನು? ಕಿಟಕಿ ಪಕ್ಕದ ಕುರ್ಚಿನಾ? ನನ್ನ ಕುರ್ಚಿನಾ! ಯಾರು ಕೇಳಿದ್ದು, ಅವಳಾ, ನೀನಾ? … ಸುಮ್ನೆ ಕೇಳಿದ್ಲಂತೆ! ಸುಮ್ನೆ ಕೇಳಿದ್ದಕ್ಕೆ ನೀನು ಅಂಗಡಿ ಬಿಟ್ಟು ಇಷ್ಟು ದೂರ ಓಡಿ ಬಂದ್ಯಾ?

ನೋಡು, ಆ ಪಾರ್ಲರ್ ಶುರು ಮಾಡ್ದಾಗ ನಮ್ಮತ್ರ ಇದ್ದದ್ದು ಅದೊಂದೇ ಕುರ್ಚಿ. ಆಗ ನಿನಗೆ ಬಾಚಣಿಗೆ ಹಿಡಿಯಕ್ಕೂ ಬರ್ತಿರ್ಲಿಲ್ಲ. ಮೊದಲನೇ ದಿನವೇ ಗಿರಾಕಿ ಕಿವಿಗೆ ಕತ್ತರಿ ತಾಗಿಸಿ ನೀನೇ ಗೋಳೋ ಅಂತ ಅತ್ತಿದ್ದೆ! ನಗ್ಬೇಡ, ನಿಜ ಅಲ್ವಾ? ಆ ಕುರ್ಚಿ ನನ್ನ ಮೊಣಕೈ ಎತ್ತರಕ್ಕೆ ಸರಿಯಾಗಿ ನಿಂತಿದೆ. ನಿನ್ನ ಹೊಸಬಳು ಗಿಡ್ಡಿ. ಕುರ್ಚಿ ಇಳಿಸದೇ ಇದ್ರೆ ಅವಳ ಕೈಗೆ ಎಟುಕಲ್ಲ. ಆದ್ರೆ ಅದರ ಪೆಡಲ್ ಹಾಳಾಗಿದೆ, ಒಂದ್ಸಲ ಇಳಿಸಿದ್ರೆ ಮತ್ತೆ ಮೇಲೇರಲ್ಲ, ಆ ಪಾರ್ಟೂ ಈಗ ಎಲ್ಲೂ ಸಿಗಲ್ಲ. ಇದು ನಿನಗೂ ಗೊತ್ತು. ಗೊತ್ತಿದ್ದೂ ಕೇಳಕ್ಕೆ ಬಂದಿದೀಯ. ಅಂದ್ರೆ ಅಕ್ಕ ಇನ್ನು ಬರಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟಿದೀಯ, ಅಲ್ವಾ?

ಬರ್ತೀನಿ. ಸೋಮವಾರ ಬರ್ತೀನಿ ಅಂತ ಹೇಳಿಲ್ವಾ? ಆ ಮದುವೆ ಹೆಣ್ಣು ನನ್ನ ಕೈಯಿಂದಲೇ ಕೂದಲು ಕಟ್ಟಿಸ್ಕೋಬೇಕು ಅಂತ ಕೂತಿದಾಳೆ. ಒಪ್ಕೊಂಡಿದೀನಿ. ಮುಗೀತು.

ಯಾಕೆ ಹಾಗೆ ನೋಡ್ತೀಯ? ಹೋದ್ಸಲ ಬಂದಾಗ ನೋಡ್ಲಿಲ್ವಾ ನನ್ನ? ಲಿಪ್‌ಸ್ಟಿಕ್ ಹಚ್ಕೊಂಡು, ನಾನೇ ಬಾಗಿಲು ತೆಗೆದು, ನಾನೇ ಕಾಫಿ ಮಾಡಿ, ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿ ಕಳಿಸ್ದೆ! "ಅಕ್ಕಾ, ನೀನು ಪೂರ್ತಿ ಹುಷಾರಾಗ್ಬಿಟ್ಟಿದೀಯ" ಅಂದೋಳು ನೀನು. ಊರಿಗೆಲ್ಲ ಡಂಗುರ ಸಾರಿದೋಳೂ ನೀನು. ಈಗ ನೋಡಿದ್ರೆ ಕುರ್ಚಿ ಕೊಡು ಅಂತ ಬಂದು ನಿಂತಿದೀಯ. ಹೊಟ್ಟೆ ಉರಿಯುತ್ತೆ ನನಗೆ!

ಏನಂದೆ? … "ಎಲ್ಲರಿಗೂ ಸುಸ್ತಾಗುತ್ತೆ ಅಕ್ಕಾ"! ಬಂತು ನೋಡು. ಇದೊಂದು ಮಾತು ಕೇಳಿದ್ರೆ ಸಾಕು, ಮೈಯೆಲ್ಲ ಉರಿದು ಹೋಗುತ್ತೆ. ನಿನಗೆ ಸುಸ್ತಾದ್ರೆ ಮಲಗ್ತೀಯ, ಎದ್ದಾಗ ಹೋಗಿರುತ್ತೆ. ನಾನು ಮಲಗ್ತೀನಿ, ಎದ್ದಾಗ ಮಲಗೋಕೆ ಮುಂಚೆಗಿಂತ ಜಾಸ್ತಿ ಇರುತ್ತೆ! ಮೂಳೆ ಒಳಗೆಲ್ಲ ಒದ್ದೆ ಮರಳು ತುಂಬಿದ ಹಾಗೆ. ಆಡ್ತಾ ಆಡ್ತಾ ಮಾತು ಮರ್ತು ಹೋಗುತ್ತೆ. ಇದೂ ನಿನ್ನ ಸುಸ್ತೂ ಒಂದೇನಾ? ಆ ಜ್ವರ ಬಂದು ಹೋಯ್ತು, ಹೋಗೋವಾಗ ನನ್ನನ್ನೂ ಜೊತೆಗೆ ತಗೊಂಡ್ಹೋಯ್ತು… ಇರ್ಲಿ.

ಮೊದಲನೇ ಡಾಕ್ಟ್ರು ರಿಪೋರ್ಟು ನೋಡಿ, "ಎಲ್ಲಾ ನಾರ್ಮಲ್ ಅಮ್ಮಾ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ, ದಿನಾ ಚುರುಕಾಗಿ ವಾಕಿಂಗ್ ಮಾಡಿ" ಅಂದ್ರು. ನಿಮ್ಮ ಭಾವ ಮರುದಿನವೇ ಹೊಸ ಶೂ ತಂದ್ರು. ಪಾಪ, ಒಳ್ಳೇ ಮನಸ್ಸಿಂದಲೇ ತಂದ್ರು. "ಇನ್ನೊಂದು ಸುತ್ತು, ಇನ್ನೊಂದೇ ಸುತ್ತು" ಅಂತ ಪಾರ್ಕಲ್ಲಿ ಎಳ್ಕೊಂಡು ಓಡಾಡಿಸಿದ್ರು. ಆವತ್ತು ಏನೂ ಆಗ್ಲಿಲ್ಲ! ಅದೇ ಮೋಸ ಇದರದ್ದು. ಮಾಡೋವಾಗ ಸುಮ್ನಿದ್ದು ಮಾಡಿದ್ಮೇಲೆ ಹೊಡೆಯುತ್ತೆ. ಎರಡು ದಿನ ಬಿಟ್ಟು ಬಿದ್ದೋಳು ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋಗ್ತಿದ್ದೆ. ಆ ಶೂ ಅಲ್ಲೇ ಬಾಗಿಲ ಹಿಂದೆ ಇದೆ, ನಿನ್ನ ಕಾಲಿಗೆ ಆದ್ರೆ ತಗೊಂಡ್ಹೋಗು.

ಆಮೇಲೆ ಆ ಡಾಕ್ಟ್ರಮ್ಮ ಸಿಕ್ಕಿದ್ರು, ಪುಣ್ಯಾತ್ಗಿತ್ತಿ. ಇದು ನಿಜವಾದ ಕಾಯಿಲೆ, ಕ್ರಾನಿಕ್ ಫಟೀಗ್, ಬಿಟ್ಟು ಹೋಗದ ಸುಸ್ತು ಅಂತ ಹೆಸರಿದೆ, ನೀವು ನಾಟಕ ಆಡ್ತಿಲ್ಲ ಅಂದ್ರು. ಅಲ್ಲೇ ಅವರ ಟೇಬಲ್ ಮೇಲೆ ತಲೆ ಇಟ್ಟು ಅತ್ತೆ ನಾನು. ಹೆಸರು ಕೊಟ್ರು, ವಾಸಿ ಮಾಡೋ ಮಾತ್ರೆ ಇಲ್ಲ ಅಂದ್ರು. "ಸುಸ್ತಾದ ಮೇಲೆ ನಿಲ್ಲಿಸೋದಲ್ಲ, ಸುಸ್ತಾಗೋಕೆ ಮುಂಚೆ ನಿಲ್ಲಿಸಿ. ಒಂದು ಕೆಲಸಾನ ತುಂಡು ತುಂಡು ಮಾಡಿ. ಚೆನ್ನಾಗಿದೆ ಅನ್ನಿಸಿದ ದಿನ ಎಲ್ಲಾ ಬಾಚ್ಕೊಂಡು ಮಾಡಿದ್ರೋ, ಕೆಟ್ರಿ." ಆಮೇಲೆ ಇನ್ನೊಂದು ಅಂದ್ರು ನೋಡು, ಕೈ ಮೇಲೆತ್ತಿ ಮಾಡೋ ಕೆಲಸ ಬೇಡ ಅಂತೆ! ಕೂದಲು ಕತ್ತರಿಸೋಳಿಗೆ! ಅಡುಗೆಯೋನಿಗೆ ಒಲೆ ಮುಟ್ಬೇಡ ಅಂದ ಹಾಗೆ.

ನಾನೇನು ಪಾಲಿಸ್ತಿಲ್ವಾ? ಪಾಲಿಸ್ತಿದೀನಿ. ಸ್ಟೂಲ್ ಮೇಲೆ ಕೂತೇ ತರಕಾರಿ ಹೆಚ್ಚೋದು. ಆದ್ರೆ ಸೋಮವಾರ ಬೇರೆ. ಸೋಮವಾರ ನಾನು…

ಎಲ್ಲಿಗೆ ಎದ್ದೆ? … ನೀರಾ? ಕೊಡು. ಎರಡು ಕೈಲಿ ಹಿಡ್ಕೊಂಡ್ರೆ ಏನೀಗ, ಲೋಟ ದೊಡ್ಡದಿದೆ. … ಹಿಂದೆ ಯಾಕೆ ಹೋದೆ? ನನ್ನ ಹಿಂದೆ ನಿಂತ್ಕೋಬೇಡ ಕಣೆ, ನಾನೇನು ನಿನ್ನ ಗಿರಾಕಿನಾ? ಮುಂದೆ ಬಾ… ಟವೆಲ್ ಮುಟ್ಬೇಡ. ಮುಟ್ಬೇಡ ಅಂದೆ! ಬಿಡೇ… ನನಗೆ ನಿನ್ನ ಕೈ ತಡೆಯಕ್ಕೆ… ಬಿಡೇ…

…

ಎಳೆದೇ ಬಿಟ್ಯಾ! ಟವೆಲ್ ಒದ್ದೆ ಇಲ್ಲ, ಅಲ್ವಾ? ಹೌದು, ಒದ್ದೆ ಇಲ್ಲ. ಸ್ನಾನವೂ ಮಾಡಿಲ್ಲ. ಸೊಂಟದ ತನಕ ಕೂದಲೂ ಇಲ್ಲ! ನೋಡಿದ್ಯಲ್ಲ, ಸಮಾಧಾನ ಆಯ್ತಾ?

ಹೋದ್ಸಲ ನೀನು ಬಂದು ಹೋದ್ಮೇಲೆ ಬಾಚಕ್ಕೆ ಕೈ ಎತ್ತಿದ್ರೆ ಕಿವಿ ತನಕ ಹೋಗಿ ಬಿದ್ದುಹೋಗ್ತಿತ್ತು. ಗಂಟಿನ ಮೇಲೆ ಗಂಟು. ನಿಮ್ಮ ಭಾವ ನಾನು ಬಾಚ್ತೀನಿ ಅಂತ ಬಂದ್ರು, ಬಾಯಿಗೆ ಬಂದ ಹಾಗೆ ಬೈದು ಕಳಿಸ್ದೆ. ಇಡೀ ಊರಿನ ಹೆಣ್ಮಕ್ಕಳ ತಲೆ ಬಾಚಿದೋಳು ನಾನು! ಅಡುಗೆ ಮನೆ ಕತ್ತರಿ ತಗೊಂಡೆ. ಹಾಲಿನ ಪ್ಯಾಕೆಟ್ ಕತ್ತರಿಸ್ತೀವಲ್ಲ, ಅದೇ. ಕೈ ಎತ್ತಕ್ಕೆ ಆಗದೆ ತಲೆನೇ ಮೇಜಿನ ಮೇಲಿಟ್ಟು ಕತ್ತರಿಸ್ಕೊಂಡೆ. ಎಡಗಡೆ ಒಂದು ದಿನ, ಬಲಗಡೆ ಮಾರನೇ ದಿನ. ತುಂಡು ತುಂಡು ಮಾಡಿ ಅಂದಿದ್ರಲ್ಲ ಡಾಕ್ಟ್ರಮ್ಮ! ಅದಕ್ಕೇ ಆ ಕಡೆ ಈ ಕಡೆ ಸಮ ಇಲ್ಲ.

ಹೋದ್ಸಲದ ಆ ನಗು… ನೀನು ಫೋನ್ ಮಾಡಿ ಬರ್ತೀನಿ ಅಂದೆ, ಅಲ್ವಾ? ಆವತ್ತಿಂದ ನೀನು ಬರೋ ತನಕ ಮಲಗೇ ಇದ್ದೆ. ಮಲಗಿ ಮಲಗಿ ಕೂಡಿಟ್ಟಿದ್ದನ್ನ ನಿನ್ನ ಮುಂದೆ ಒಂದೇ ಗಂಟೇಲಿ ಸುರಿದುಬಿಟ್ಟೆ. ನೀನು ಖುಷಿಯಾಗಿ ಮೆಟ್ಟಿಲಿಳಿದು ಹೋದೆ. ನಾನು ಆ ಬಾಗಿಲ ಹತ್ರವೇ ನೆಲದ ಮೇಲೆ ಮಲಗಿದ್ದೆ, ನಿಮ್ಮ ಭಾವ ಬಂದು ಎಬ್ಬಿಸೋ ತನಕ. ಆಮೇಲೆ ಎಷ್ಟೋ ದಿನ ಹಲ್ಲುಜ್ಜಕ್ಕೂ ಆಗ್ಲಿಲ್ಲ. ಯಾಕೆ ಅಂತ ಕೇಳ್ತೀಯಾ? ನಿಜ ತೋರಿಸಿದ್ರೆ ಕುರ್ಚಿ ಹೋಗುತ್ತೆ! ಅಷ್ಟೇ. ಅದು ಅಲ್ಲಿ ಎತ್ತರಕ್ಕೆ ನಿಂತಿರೋ ತನಕ ನಾನೂ ಎಲ್ಲೋ ಒಂದು ಕಡೆ ನಿಂತಿದೀನಿ ಅನ್ನಿಸ್ತಿತ್ತು.

ಏನದು ಸದ್ದು, ಬ್ಯಾಗಲ್ಲಿ ಏನು ಹುಡುಕ್ತಿದೀಯ? … ಕತ್ತರಿನಾ. ಬ್ಯಾಗಲ್ಲೇ ಇಟ್ಕೊಂಡಿದೀಯ, ನಾನು ಕಲಿಸಿದ್ದು ಅದೊಂದಾದ್ರೂ ನೆನಪಿದ್ಯಲ್ಲ. ಹೂಂ, ಮಾಡು. ಎಡಗಡೆ ಜಾಸ್ತಿ ತೆಗಿ. ಅಳ್ತಾ ಅಳ್ತಾ ಕತ್ತರಿ ಹಿಡೀಬೇಡ ಕಣೆ, ಮತ್ತೆ ಕಿವಿಗೆ ತಾಗಿಸ್ತೀಯ! ಮೂಗು ಒರೆಸ್ಕೊಂಡು ಬಾ ಮೊದಲು.

ಹಾಂ… ಹಾಗೆ. ಕೈ ಪರವಾಗಿಲ್ಲ ನಿಂದು.

ಮದುವೆ ಹೆಣ್ಣಿಗೆ ನೀನೇ ಕಟ್ಟು. ಆ ಹೊಸಬಳಿಗೆ ಹೇಳು… ಕುರ್ಚಿ ಇಳಿಸ್ಕೋ ಅಂತ. … ನಿಲ್ಲಿಸ್ಬೇಡ, ಕತ್ತರಿ ಆಡ್ಸು! ಕೇಳಿಸ್ತಲ್ಲ, ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ.

ಮತ್ತೆ… ಇನ್ಮೇಲೆ ಫೋನ್ ಮಾಡ್ಬೇಡ. ಹಾಗೇ ಬಾ.