ಅಂಗೈ ಹಿಂದಿನ ಮುಖ

ಒಂದೂರಿನಲ್ಲಿ ಒಬ್ಬ ಸಾಹುಕಾರ ಇದ್ದ. ಮನೆ ಇತ್ತು, ಗಿರಣಿ ಇತ್ತು, ತೊಡೆ ಮೇಲೆ ಆಡೋ ಮೊಮ್ಮಕ್ಕಳಿದ್ದರು. ಏನಿರಲಿಲ್ಲ? ಹೇಳ್ತೀನಿ, ತಡೀರಿ. ಅವನಿಗೊಂದು ಹುಚ್ಚಿತ್ತು, ಫೋಟೋ ಹುಚ್ಚು. ಸಂತೆಗೆ ಹೋದರೂ ಕೊರಳಲ್ಲಿ ಕ್ಯಾಮೆರಾ. ಕಾಯಿಪಲ್ಲೆ ಮಾರೋಳು, ಚಪ್ಪಲಿ ಹೊಲಿಯೋನು, ಬೇವಿನ ಮರದ ಕೆಳಗೆ ಬಾಯಿ ಬಿಟ್ಟು ಮಲಗಿದ ಮುದುಕ, ಯಾರನ್ನೂ ಬಿಡ್ತಿರಲಿಲ್ಲ.

"ಅವರನ್ನ ಒಂದ್ ಮಾತ್ ಕೇಳಬಾರದೇನ್ರಿ?" ಅಂತ ಹೆಂಡತಿ ಅಂದರೆ, "ನಿನಗೇನ್ ತಿಳೀತದ? ಕೇಳಿದ್ರ ಸಹಜತನ ಹೋಗ್ತದ" ಅಂತ ನಗ್ತಿದ್ದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇಷ್ಟು ಫೋಟೋ ತೆಗೆದವನ ಮನೆಯಲ್ಲಿ ಒಂದು ಫೋಟೋ ಇರಲಿಲ್ಲ ನೋಡಿ. ಅವನ ಅವ್ವಂದು.

ಅವ್ವ ರೈಲ್ವೆ ಸ್ಟೇಶನ್ನಿನಲ್ಲಿ ರೊಟ್ಟಿ ಮಾರ್ತಿದ್ದಳು. ಹೊಗೆ ಬಂಡಿಯ ಕಾಲ ಅದು. ಇಂಜಿನ್ನಿಗೆ ನೀರು ತುಂಬೋಕೆ ರೈಲು ಅಲ್ಲಿ ಇಪ್ಪತ್ತು ನಿಮಿಷ ನಿಲ್ತಿತ್ತು. ಅವ್ವ ಬುಟ್ಟಿ ಹೊತ್ತು, "ರೊಟ್ಟಿ, ಝುಣಕಾ, ರೊಟ್ಟಿ" ಅಂತ ಕಿಟಕಿಯಿಂದ ಕಿಟಕಿಗೆ ಓಡೋಳು. ಮುಖವೆಲ್ಲ ಕಲ್ಲಿದ್ದಲಿನ ಮಸಿ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ನಳಕ್ಕೆ ಹೋಗಿ ಮುಖ ತೊಳೆದು, ಸೆರಗಿನಿಂದ ಒರೆಸಿ, ಕುಂಕುಮ ತಿದ್ದಿಕೊಂಡೇ ಮನೆಗೆ ಹೊರಡೋಳು. ಮಸಿ ಮುಖದಲ್ಲಿ ಊರೊಳಗೆ ಕಾಲಿಟ್ಟವಳಲ್ಲ. "ಉಗಾದಿಗೆ ಹಸರ ಸೀರಿ ಉಟಗೊಂಡು ಸ್ಟುಡಿಯೋಕ್ಕ ಹೋಗೂಣಪಾ, ನಾನೂ ನೀನೂ ಕೂಡಿ ಫೋಟೋ ತಗಸೂಣು" ಅಂತಿದ್ದಳು. ಆ ಉಗಾದಿಗೆ ಅವಳಿರಲಿಲ್ಲ. ಮಗನಿಗೆ ಆಗ ಏಳು ವರ್ಷ.

ಬುಟ್ಟಿಯ ರೊಟ್ಟಿಯ ವಾಸನೆ ನೆನಪಿತ್ತು. ನಳದ ನೀರಿಗೆ ತಣ್ಣಗಾದ ಅವಳ ಕೈ ನೆನಪಿತ್ತು. ಮುಖ ಮಾತ್ರ ಮರೆತುಹೋಗಿತ್ತು. ಹೆತ್ತವಳ ಮುಖ ಮರೆತು ಬದುಕೋದು ಎಂಥ ಸಂಕಟ, ಯೋಚಿಸಿ!

ಒಂದು ದಿನ ಪಟ್ಟಣದ ಶಾಲೆಯಲ್ಲಿ ಹಳೇ ಫೋಟೋಗಳ ಪ್ರದರ್ಶನ ಇತ್ತು. ಫೋಟೋ ತೆಗೆದ ಅಜ್ಜ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಸಾಹುಕಾರ ನೋಡ್ತಾ ನೋಡ್ತಾ ಒಂದರ ಮುಂದೆ ನಿಂತುಬಿಟ್ಟ. ಅದೇ ಸ್ಟೇಶನ್ನು. ಅದೇ ರೊಟ್ಟಿ ಬುಟ್ಟಿ. ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ. ಆ ತೋಳಿನ ಮೇಲೆ ತಲೆಯಿಟ್ಟು ಮಲಗಿದವನಿಗೆ ಗುರುತು ಹತ್ತದೇ ಇರ್ತದೆಯೇ? "ಅವ್ವಾ" ಅಂದ. ಮುಖ ನೋಡಿದ.

ಮುಖ ಇರಲಿಲ್ಲ. ಮುಖದ ಮುಂದೆ ಅಂಗೈ ಅಡ್ಡ ಇತ್ತು.

"ಅಜ್ಜಾರ, ಇಕಿ ನಮ್ಮವ್ವ. ಮುಖ ಕಾಣೂದು ಇನ್ನೊಂದು ಇಲ್ಲೇನ್ರಿ?"

"ಇಲ್ಲೋ ತಮ್ಮಾ. ನಾ ರೈಲಿನ ಕಿಟಕ್ಯಾಗಿಂದ ಕ್ಯಾಮೆರಾ ಹಿಡದ್ನಿ. ಆಕಿ ಗಾಬರಿಯಾಗಿ ಕೈ ಅಡ್ಡ ಹಿಡದ್ಲು."

"ಆಕೀನ ಒಂದ್ ಮಾತ್ ಕೇಳಬಾರದಿತ್ತೇನ್ರಿ?"

ಅಜ್ಜ ತಲೆ ತಗ್ಗಿಸಿದ. "ಕೇಳಲಿಲ್ಲಪಾ. ಕೇಳಿದ್ರ ಸಹಜತನ ಹೋಗ್ತದಂತ..."

ಸಾಹುಕಾರ ಯಾರ ಮೇಲೆ ಸಿಟ್ಟಾಗಬೇಕು? ಅದು ಅವನದೇ ಮಾತು! ಇಪ್ಪತ್ತು ನಿಮಿಷ ನಿಂತಿತ್ತಲ್ಲ ರೈಲು. ನಳ ಅಲ್ಲೇ ಇತ್ತಲ್ಲ. ಕೇಳಿದ್ದರೆ ಮುಖ ತೊಳೆದು ಬಂದು ನಿಲ್ತಿದ್ದಳಲ್ಲ!

ಮುಂದಿನ ಸಂತೆಗೂ ಹೋದ, ಅಭ್ಯಾಸ ಬಿಡಬೇಕಲ್ಲ. ಮೆಣಸಿನಕಾಯಿ ಮಾರೋಳೊಬ್ಬಳ ಮುಂದೆ ಕ್ಯಾಮೆರಾ ಎತ್ತಿದವನು ಇಳಿಸಿದ. "ತಂಗೀ, ನಿನ್ನ ಒಂದ್ ಫೋಟೋ ತಗೀಲೇನವಾ?" ಅಂತ ಕೇಳಿದ.

"ಒಂದೀಟ ತಡೀರಿ ಅಣ್ಣಾರ" ಅಂದಳು ಅವಳು. ಚೆಂಬಿನ ನೀರಿನಿಂದ ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡಳು. ಕುಂಕುಮ ತಿದ್ದಿಕೊಂಡು, ನೆಟ್ಟಗೆ ಕೂತು, "ಈಗ ತಗೀರಿ" ಅಂತ ನಕ್ಕಳು. ಸಾಹುಕಾರನಿಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಒರೆಸಿಕೊಂಡು ತೆಗೆಯೋಕೆ ಹೊತ್ತಾಯಿತು. ಪಾಪ, ಅವಳು ಕಾಯ್ತಾ ಕೂತಿದ್ದಳು.

ಈಗ ಈ ಮಠದ ಅಂಗಳದಲ್ಲಿ ಕೂತ ನಿಮ್ಮ ಮಾತಿಗೆ ಬರೋಣ. ಮೂರನೇ ಸಾಲಿನಲ್ಲಿ ಫೋನ್ ಎತ್ತಿ ಹಿಡಿದ ಅಣ್ಣಾ, ಕೆಳಗಿಡಪ್ಪಾ, ನಿನಗೇ ಹೇಳ್ತಿರೋದು! ನಿನ್ನೆ ಪ್ರಸಾದದ ಪಂಕ್ತಿಯಲ್ಲಿ ನಿಮ್ಮಲ್ಲೇ ಕೆಲವರು ಬಾಯಿ ತುಂಬ ತುತ್ತು ಇಟ್ಟುಕೊಂಡ ಅಜ್ಜಿಯ ಫೋಟೋ ತೆಗೆದಿರಿ. ಊರಿಗೆಲ್ಲ ಕಳಿಸಿದಿರಿ. ಆ ಅಜ್ಜಿಯನ್ನು ಕೇಳಿದಿರಾ? ನಿಮ್ಮ ಅವ್ವನ ಮದುವೆಯಲ್ಲಿ ಫೋಟೋದವನು ಕನ್ನಡಿ, ಬಾಚಣಿಗೆ ಕೈಗೆ ಕೊಟ್ಟು, "ಆಯ್ತೇನವಾ, ತಗೀಲೇ?" ಅಂತ ಕೇಳ್ತಿದ್ದ. ಬಡ ಫೋಟೋದವನಿಗಿದ್ದ ಆ ನಯ ನಮ್ಮ ಕೈಯಿಂದ ಎಲ್ಲಿ ಜಾರಿತು?

ಇವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ, ಸಂತೆಯಲ್ಲಿ, ಯಾರದೇ ಮುಖದ ಮುಂದೆ ಫೋನ್ ಎತ್ತುವ ಮುಂಚೆ ಬಾಯಿ ಬಿಟ್ಟು ಕೇಳಿ. ಬೇಡ ಅಂದರೆ ಕೈ ಮುಗಿದು ಫೋನ್ ಜೇಬಿಗಿಡಿ. ತಡೀರಿ ಅಂದರೆ, ಅವರು ಮುಖ ತೊಳೆದು ಬರುವವರೆಗೆ ನಿಲ್ಲಿ. ಅವರಿಗೂ ಮಕ್ಕಳಿರ್ತಾರೆ. ಎಂದೋ ಒಂದು ದಿನ ಆ ಮಕ್ಕಳು ಆ ಮುಖ ಹುಡುಕಿಕೊಂಡು ಬರ್ತಾರೆ.

ಆ ಸಾಹುಕಾರನ ಮನೆ ಗೋಡೆಗೆ ಅವ್ವನ ಅದೇ ಫೋಟೋ ಬಂತು. ದಿನಾ ಹೂ ಏರಿಸ್ತಾನೆ. ಏರಿಸೋದು ಅಂಗೈಗೆ.