ಅಜ್ಜಿಯ ಹೊದಿಕೆಯಲ್ಲಿದ್ದ ಗೂಡು

ಗೋರಿಯೊಳಗೆ ಸದ್ದು ಮಾಡಿದ್ದು ಪತಂಗ. ಊರಿಗೆ ಊರೇ ಹಾಗೆ ನಂಬಿತ್ತು. ನಂಬಿಸಿದವನು ನಾನು. ರಾಜಧಾನಿ ಅಂಟಾನನರಿವೊದಲ್ಲಿ ಜೀವಶಾಸ್ತ್ರ ಓದಿ ಬಂದಿದ್ದೆ. ದೆವ್ವಗಳಿಗೆ ಕೊಡಲು ನನ್ನ ಬಳಿ ಪುರುಸೊತ್ತಿರಲಿಲ್ಲ.

ನಡೆದದ್ದು ನನ್ನ ಅತ್ತಿಗೆ ಸೆಹೆನುಗೆ. ಆ ಚಳಿಗಾಲ ಗೋರಿ ತೆರೆದು, ಅಜ್ಜಿಯ ಮೂಳೆಗಳನ್ನು ಹೊರಗೆ ತಂದು, ಹೊಸ ರೇಷ್ಮೆ ಹೊದಿಕೆ ಸುತ್ತಿದೆವು. ಹೆಗಲ ಮೇಲೆ ಹೊತ್ತು ಕುಣಿದೆವು. ಹಂದಿಕೊಬ್ಬು ಸುರಿದ ಅನ್ನ ಉಂಡೆವು. ಕೆಲವು ವರ್ಷಕ್ಕೊಮ್ಮೆ ಸತ್ತವರಿಗೆ ಹೀಗೆ ಹೊಸ ಬಟ್ಟೆ ಹೊದಿಸುವುದು ನಮ್ಮ ಪದ್ಧತಿ.

ಹೊದಿಕೆಯ ಮಡಿಕೆಯಲ್ಲಿ ಒಂದು ಪತಂಗದ ಗೂಡು ಅಂಟಿತ್ತು. ಬಟ್ಟೆಯನ್ನು ಗಾಳಿಗೆಂದು ಕಾಡಂಚಿನ ಬೇಲಿಗೆ ಹಾಕಿದ್ದರು. ಆ ಬೇಲಿಗೆ ಹಬ್ಬಿದ ವಿಷದ ಬಳ್ಳಿಯೇ ಈ ಹುಳುವಿನ ಊಟ. ಮಾಸಲು ಹಳದಿ ಮೈ, ಕಪ್ಪು ಚುಕ್ಕೆ. ಎಲೆಯಿಂದ ಜಾರಿದರೆ ಬಾಯಿಂದ ಬಿಟ್ಟ ನೂಲನ್ನೇ ಹಿಡಿದು ಮೇಲೇರುತ್ತದೆ. ತಿಂದು ಮುಗಿದ ಮೇಲೆ ಬಲೆಯಂಥ ಗೂಡು ಹೆಣೆದುಕೊಳ್ಳುತ್ತದೆ. ಒಳಗೆ ಮಲಗಿದ್ದು ಹೊರಗೆ ಕಾಣುತ್ತದೆ... ಹೊದಿಕೆ ಸುತ್ತಿದ ಹೆಣದ ಹಾಗೆ.

ಸೆಹೆನು ಕೀಳಲು ಹೋದಳು. ಅವಳ ಮಾವ, ನನ್ನ ದೊಡ್ಡಪ್ಪ ರಾಯ್ನಿಕುತು, ಕೈ ಹಿಡಿದರು. ಸತ್ತವರು ಆ ಪತಂಗವಾಗಿ ಬರುತ್ತಾರೆಂಬುದು ನಮ್ಮ ಕಡೆಯ ಮಾತು. ಅದಕ್ಕೆ ಕಲ್ಲೆಸೆದ ಮಗುವಿಗೆ ಕೆನ್ನೆಗೆ ಬೀಳುತ್ತದೆ.

"ಬಿಡು. ಅಮ್ಮನೇ ಬಂದಿದಾಳೆ. ಒಳಗೇ ಇರ್ಲಿ."

ಗೂಡು ಒಳಗೇ ಉಳಿಯಿತು. ಹೊದಿಕೆಯ ಕೊನೆಯ ಗಂಟುಗಳನ್ನು ಸೆಹೆನು ಹಾಕಿದಳು. ಅಜ್ಜಿಯನ್ನು ಮತ್ತೆ ಗೋರಿಯೊಳಗೆ ಮಲಗಿಸಿ, ಬಾಗಿಲ ಕಲ್ಲು ಮುಚ್ಚಿ ಸಂದಿಗೆ ಮಣ್ಣು ಮೆತ್ತಿದರು.

ಕೆಲವು ವಾರ ಕಳೆದವು. ಒಂದು ಸಂಜೆ ಗದ್ದೆಯಲ್ಲಿ ಹೊತ್ತಾಗಿ ಅವಳು ಒಬ್ಬಳೇ ಬರುತ್ತಿದ್ದಳು. ಬಾವಿ ದಾಟಿದರೆ ಗೋರಿ. ಅಲ್ಲಿ ಕೇಳಿಸಿತು. ಸರ್... ಸರ್... ಬಟ್ಟೆ ಎಳೆದ ಹಾಗೆ. ಆಮೇಲೆ ಟಪ್... ಮೆತ್ತಗಿನದೇನೋ ಕಲ್ಲಿಗೆ ತಾಗಿದ ಹಾಗೆ. ಮತ್ತೆ ಸರ್...

"ಅಜ್ಜಿ?" ಅಂದಳಂತೆ, ಪಿಸುಮಾತಲ್ಲಿ.

ಸದ್ದು ನಿಂತಿತು.

ಮರುದಿನ ದೊಡ್ಡಪ್ಪ ಹೋಗಿ ಕಲ್ಲಿಗೆ ಕಿವಿ ಇಟ್ಟು ಬಂದರು. ಅವರಿಗೂ ಕೇಳಿಸಿತ್ತು. ತಪ್ಪು ಯಾರದೆಂದೂ ಬೇಗ ಗೊತ್ತಾಯಿತು. ಸೆಹೆನುಗೆ ಅಂದರು:

"ಉಸಿರು ಕಟ್ಟೋ ಹಾಗೆ ಬಿಗಿದಿದೀಯ. ಅಮ್ಮ ಬಿಚ್ಕೊಳ್ತಿದಾಳೆ."

ಸತ್ತವರಿಗೆ ಉಸಿರೆಲ್ಲಿಯದು ಎಂದು ಯಾರೂ ಕೇಳಲಿಲ್ಲ. ಸೆಹೆನು ತವರಿಗೆ ಹೋಗಬೇಕು, ಅವಳ ಮಗು ಇಲ್ಲಿರಬೇಕು, ನಾಳೆ ಅವಳು ಸತ್ತರೆ ಈ ಗೋರಿಯಲ್ಲಿ ಜಾಗವಿಲ್ಲ ಎಂದಾಯಿತು. ಸಾವು ಎಲ್ಲರಿಗೂ ಬರುತ್ತದೆ. ಗಂಡ ಮಕ್ಕಳ ಗೋರಿಯಿಂದ ಹೊರಗುಳಿಯುವುದು ನಮ್ಮಲ್ಲಿ ಅದಕ್ಕಿಂತ ದೊಡ್ಡದು.

ತೆರೆದು ನೋಡೋಣ ಎಂದೆ. ಕಾಲವಲ್ಲದ ಕಾಲದಲ್ಲಿ ತೆರೆದರೆ ಮನೆಯಲ್ಲಿ ಹೆಣ ಬೀಳುತ್ತದೆ ಎಂದರು. ಸರಿ, ಬೇಲಿಯಿಂದ ಇನ್ನೊಂದು ಗೂಡು ತಂದು, ಬುಟ್ಟಿಯಲ್ಲಿಟ್ಟು, ದೊಡ್ಡಪ್ಪನ ತಲೆದೆಸೆಗೇ ತೂಗುಹಾಕಿದೆ.

ಒಂದು ಬೆಳಗ್ಗೆ ಅದು ಬಿರಿಯಿತು. ಮುದುಡಿದ ಒದ್ದೆ ರೆಕ್ಕೆಗಳು ನಿಧಾನ ಬಿಡಿಸಿಕೊಂಡವು. ಕಪ್ಪಿನ ಮೇಲೆ ಹಸಿರು ಪಟ್ಟೆ. ಹಿಂದಿನ ರೆಕ್ಕೆಯಲ್ಲಿ ಕೆಂಡದ ಕೆಂಪು, ನೀಲಿ. ಬಾಲದಂಚಿಗೆ ಬಿಳಿ ಕುಚ್ಚು. ಒಣಗಿದ್ದೇ ಬುಟ್ಟಿಯೊಳಗೆ ಬಡಿದಾಡತೊಡಗಿತು. ಸರ್... ಸರ್... ಟಪ್.

ದೊಡ್ಡಪ್ಪ ಬಹಳ ಹೊತ್ತು ಕೇಳಿದರು. "ಇದೇ ಸದ್ದು," ಅಂದರು. ಆಮೇಲೆ, "ಅಷ್ಟು ಓದಿದ್ದಕ್ಕೆ ಹುಳ ಸಾಕೋದಾದ್ರೂ ಬಂತಲ್ಲ, ಮಿಹಾಜಾ."

ಸೆಹೆನು ಉಳಿದಳು. ಆದರೆ ಬಾವಿಗೆ ಸುತ್ತುದಾರಿ ಹಿಡಿಯುತ್ತಿದ್ದಳು. ಮಳೆ ಹಿಡಿದು ತಿಂಗಳುಗಳಾದ ಮೇಲೆ ಒಮ್ಮೆ ಮೆಲ್ಲಗೆ ಕೇಳಿದಳು:

"ಆ ಪತಂಗ ಎಷ್ಟು ದಿನ ಬದುಕುತ್ತೆ?"

"ಕೆಲವು ವಾರ."

"ಹೂಂ," ಅಂದಳು. ಕೊಡ ಎತ್ತಿಕೊಂಡು ಮತ್ತೆ ಸುತ್ತುದಾರಿಯಲ್ಲೇ ಹೋದಳು.

ಎರಡು ಮಳೆಗಾಲ ಕಳೆದು ದೊಡ್ಡಪ್ಪ ತೀರಿಕೊಂಡರು. ಅವರಿಗಾಗಿ ಗೋರಿ ತೆರೆದರು. ದೀಪ ಹಿಡಿದು ಒಳಗೆ ಹೋದವನು ನಾನು. ಅಜ್ಜಿಯ ಹೊದಿಕೆಯ ಗಂಟುಗಳು ಕಟ್ಟಿದ ಹಾಗೇ ಇದ್ದವು. ಮಡಿಕೆ ಬಿಡಿಸಿದೆ. ಇದನ್ನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ನನ್ನ ಅಂಗೈ ಮೇಲಿಟ್ಟು, ದೀಪಕ್ಕೆ ಹಿಡಿದು, ಎರಡು ಸಲ ನೋಡಿದ್ದೇನೆ.

ಗೂಡು ಬಿರಿದಿರಲಿಲ್ಲ.